ಕಾಣಿಕೆಯ ತಟ್ಟೆಯೂ ಬಡವನ ಹೊಸ್ತಿಲೂ

ಕ್ರಿಸ್ತರಾಜರ ಮಹೋತ್ಸವಕ್ಕೆ ಮುಂಚಿನ ರವಿವಾರವನ್ನು ಧರ್ಮಸಭೆಯು ವಿಶ್ವ ಬಡವರ ದಿನವೆಂದು ಆಚರಿಸುತ್ತದೆ. 2016ರಲ್ಲಿ ಕರುಣೆಯ ಜುಬಿಲಿ ವರ್ಷವು ಸಮಾಪ್ತಿಗೊಂಡಾಗ ಅಂದಿನ ಜಗದ್ಗುರು ಪೋಪ್ ಫ್ರಾನ್ಸಿಸರು ಈ ದಿನವನ್ನು ಸ್ಥಾಪಿಸಿದರು. 2017ರಿಂದ ಇದು ಪ್ರತಿವರ್ಷವೂ ನಡೆದುಬಂದಿದೆ. ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಅಂದು ಪೂಜೆಯ ಬಳಿಕ ಬಡ ಕುಟುಂಬಗಳಿಗೆ ಅಕ್ಕಿ, ಬೇಳೆ, ಸಕ್ಕರೆ ತುಂಬಿದ ಚೀಲಗಳನ್ನು ಹಂಚುವುದುಂಟು. ಕೆಲವೆಡೆ ಸಹಭೋಜನವೂ ಇರುತ್ತದೆ. ಚೀಲ ಕೊಡುವವರು ಒಂದು ಕಡೆ, ತೆಗೆದುಕೊಳ್ಳುವವರು ಇನ್ನೊಂದು ಕಡೆ, ನಡುವೆ ಧರ್ಮಗುರು, ಹೀಗೆ ಒಂದು ಛಾಯಾಚಿತ್ರವೂ ಆಗುತ್ತದೆ. ಇದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹಸಿದವನಿಗೆ ಒಂದು ಹೊತ್ತಿನ ಊಟವೂ ಊಟವೇ. ಆದರೆ ಅದರ ಮುಂದಿನ ರವಿವಾರ ಏನು, ಅದರಾಚೆಯ ಐವತ್ತು ರವಿವಾರಗಳಲ್ಲಿ ಏನು ಎಂಬ ಪ್ರಶ್ನೆಯನ್ನು ಕೇಳದೆ ಇರಲಾಗದು.

ನಮ್ಮಲ್ಲಿ ಬಹುಮಂದಿಯ ಮನಸ್ಸಿನಲ್ಲಿ ಒಂದು ತಿಳಿವಳಿಕೆ ಬೇರೂರಿದೆ. ಮೊದಲು ಪೂಜೆ, ಪ್ರಾರ್ಥನೆ, ಹಬ್ಬ, ಕಟ್ಟಡ. ಇವೆಲ್ಲ ಮುಗಿದ ಮೇಲೆ ಏನಾದರೂ ಉಳಿದರೆ ಬಡವರಿಗೆ. ದಾನವೆಂಬುದು ಧರ್ಮಕೇಂದ್ರದ ಜೀವನದ ಅಂಚಿನಲ್ಲಿ ಹೊಲಿದ ಜರಿ. ಇದ್ದರೆ ಅಂದ, ಇಲ್ಲದಿದ್ದರೂ ಸೀರೆಗೆ ಕೊರತೆಯಿಲ್ಲ. ಈ ತಿಳಿವಳಿಕೆ ತಪ್ಪೆಂದೂ ಅದನ್ನು ತಿದ್ದುವ ಕೆಲಸ ನಮ್ಮ ಲೆಕ್ಕಪುಸ್ತಕದಿಂದಲೇ ಆರಂಭವಾಗಬೇಕೆಂದೂ ನಾನು ಹೇಳಬಯಸುತ್ತೇನೆ. 2005ರಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ತಮ್ಮ ಪ್ರಥಮ ವಿಶ್ವಪತ್ರದಲ್ಲಿ ಇದನ್ನೇ ಸ್ಪಷ್ಟಪಡಿಸಿದ್ದರು. ದೇವವಾಕ್ಯವನ್ನು ಸಾರುವುದು, ಸಂಸ್ಕಾರಗಳನ್ನು ಆಚರಿಸುವುದು, ಪ್ರೀತಿಯ ಸೇವೆಯನ್ನು ನಡೆಸುವುದು ಈ ಮೂರೂ ಧರ್ಮಸಭೆಯ ಸ್ವರೂಪಕ್ಕೇ ಸೇರಿದವು; ಮೂರನೆಯದನ್ನು ಬೇರೆ ಯಾರಿಗಾದರೂ ವಹಿಸಿ ಧರ್ಮಸಭೆ ಕೈತೊಳೆದುಕೊಳ್ಳುವಂತಿಲ್ಲ ಎಂಬುದು ಅವರ ಬೋಧನೆಯ ಸಾರ. 2025ರ ಅಕ್ಟೋಬರದಲ್ಲಿ ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಹೊರಡಿಸಿದ ಮೊದಲ ಬೋಧನಾಪತ್ರದ ವಿಷಯವೂ ಬಡವರ ಮೇಲಣ ಪ್ರೀತಿಯೇ ಆಗಿತ್ತು.

ಆದಿಸಭೆಯ ಚರಿತ್ರೆಯನ್ನು ಓದಿದವರಿಗೆ ಇದು ಹೊಸದಾಗಿ ತೋರದು. ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ನೋಡಿರಿ. ಜೆರುಸಲೇಮಿನ ಸಭೆಯಲ್ಲಿ ಎದ್ದ ಆಡಳಿತಾತ್ಮಕ ಜಗಳ ಪೂಜಾವಿಧಿಯ ಕುರಿತಾದುದಲ್ಲ, ಹಬ್ಬದ ಪ್ರಸೂದೆಂತಿ ಯಾರಾಗಬೇಕೆಂಬುದೂ ಅಲ್ಲ. ದಿನನಿತ್ಯದ ಆಹಾರ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ದೂರು ಅದು. ಭಾಷೆ ಬೇರೆಯಾದವರಿಗೆ ತಟ್ಟೆ ಸರಿಯಾಗಿ ಮುಟ್ಟುತ್ತಿಲ್ಲ ಎಂಬ ಗೊಣಗಾಟ! ಪ್ರೇಷಿತರು ಆ ದೂರನ್ನು ಗದರಿಸಿ ಬಾಯಿ ಮುಚ್ಚಿಸಲಿಲ್ಲ. ಏಳು ಮಂದಿಯನ್ನು ಆರಿಸಿ, ಪ್ರಾರ್ಥಿಸಿ, ಹಸ್ತನಿಕ್ಷೇಪ ಮಾಡಿ ಅದೇ ಕೆಲಸಕ್ಕೆ ನೇಮಿಸಿದರು. ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳೆಂಬುದನ್ನು ಪಂಡಿತರು ಗುರುತಿಸಿದ್ದಾರೆ. ದೂರಿತ್ತವರ ಕಡೆಯವರ ಕೈಗೇ ಹಂಚಿಕೆಯನ್ನು ಒಪ್ಪಿಸಿದ ಔದಾರ್ಯವದು.

ಕ್ರಿ.ಶ. 155ರ ಸುಮಾರಿಗೆ ರೋಮಿನಲ್ಲಿ ತತ್ವಜ್ಞಾನಿ ಸಂತ ಜಸ್ಟಿನರು ಕ್ರೈಸ್ತರ ಪರವಾಗಿ ಚಕ್ರವರ್ತಿಗೆ ಬರೆದ ವಿಜ್ಞಾಪನೆಯಲ್ಲಿ ರವಿವಾರದ ಆರಾಧನೆಯ ವಿವರಣೆಯಿದೆ. ವಾಚನ, ಪ್ರಬೋಧನೆ, ಪ್ರಾರ್ಥನೆ, ರೊಟ್ಟಿ ಮತ್ತು ದ್ರಾಕ್ಷಾರಸ ಎಲ್ಲವೂ ನಮ್ಮ ಇಂದಿನ ಪೂಜೆಯನ್ನೇ ಹೋಲುತ್ತವೆ. ಕೊನೆಯಲ್ಲಿ ಕಾಣಿಕೆಯ ಮಾತು ಬರುತ್ತದೆ. ಉಳ್ಳವರು ತಮ್ಮಿಚ್ಛೆಯಂತೆ ಕೊಡುತ್ತಾರೆ. ಸಂಗ್ರಹವಾದುದನ್ನು ಸಭೆಯ ಅಧ್ಯಕ್ಷರ ಬಳಿ ಇಡಲಾಗುತ್ತದೆ. ಅವರು ಅದರಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿರುವವರು, ಪರವೂರಿನಿಂದ ಬಂದವರು ಇವರ ಯೋಗಕ್ಷೇಮವನ್ನು ನೋಡಿಕೊಳ್ಳುತ್ತಾರೆ ಎಂದು ಜಸ್ಟಿನರು ತಿಳಿಸುತ್ತಾರೆ. ಅಂದು ಇಗರ್ಜಿ ಕಟ್ಟಡಗಳಿರಲಿಲ್ಲ, ಗಂಟೆಗೋಪುರವಿರಲಿಲ್ಲ, ವಿದ್ಯುತ್ ಬಿಲ್ಲು ಇರಲಿಲ್ಲ. ಆದ್ದರಿಂದ ಅಂದಿನ ಅನುಪಾತವನ್ನು ಇಂದಿಗೆ ಹಾಗೆಯೇ ತರಲಾಗದು, ಒಪ್ಪುತ್ತೇನೆ. ಆದರೆ ನಮ್ಮ ಕಾಣಿಕೆಯ ತಟ್ಟೆ ಹುಟ್ಟಿದ್ದು ಯಾರಿಗಾಗಿ ಎಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಇಂದು ನಾವು ಬಡವರಿಗಾಗಿ ಪ್ರತ್ಯೇಕ ಡಬ್ಬಿಯೊಂದನ್ನು ಬಾಗಿಲ ಬಳಿ ಇಟ್ಟು, ತಟ್ಟೆಯನ್ನು ಪೂರ್ತಿಯಾಗಿ ಇತರ ಖರ್ಚಿಗೆ ಒಪ್ಪಿಸಿದ್ದೇವೆ. ಆ ಡಬ್ಬಿಯಲ್ಲಿ ಬೀಳುವುದು ಹೆಚ್ಚಾಗಿ ಚಿಲ್ಲರೆ.

ಸಂತ ಲಾರೆನ್ಸರ ಕಥೆಯನ್ನು ನಮ್ಮ ಜನರಿಗೆ ಹೇಳಿಕೊಡಬೇಕಾಗಿಲ್ಲ. ಕಾರ್ಕಳದ ಅತ್ತೂರಿನಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವಿದೆ; 2016ರಲ್ಲಿ ಅದು ಬಸಿಲಿಕದ ಗೌರವವನ್ನು ಪಡೆಯಿತು; ಜನವರಿಯ ಮಹೋತ್ಸವಕ್ಕೆ ಎಲ್ಲ ಮತಗಳವರೂ ಹರಕೆ ಹೊತ್ತು ಬರುತ್ತಾರೆ. ಈ ಸಂತರು ಮೂರನೆಯ ಶತಮಾನದಲ್ಲಿ ರೋಮಿನ ಸಭೆಯ ಸೇವಾದರ್ಶಿಯಾಗಿದ್ದವರು, ಅಂದರೆ ಬಡವರ ಹಣದ ಲೆಕ್ಕವನ್ನು ನೋಡಿಕೊಳ್ಳುತ್ತಿದ್ದವರು. 258ರಲ್ಲಿ ವಲೇರಿಯನ್ ಚಕ್ರವರ್ತಿಯ ಹಿಂಸಾಕಾಲದಲ್ಲಿ ನಗರಾಧಿಕಾರಿ ಸಭೆಯ ನಿಧಿಯನ್ನು ಒಪ್ಪಿಸೆಂದಾಗ ಅವರು ಕಾಲಾವಕಾಶ ಬೇಡಿ, ಇದ್ದುದೆಲ್ಲವನ್ನೂ ಹಂಚಿ, ಕುಂಟರು ಕುರುಡರು ಬಡವರನ್ನು ಸಾಲಾಗಿ ತಂದು ನಿಲ್ಲಿಸಿ, ಇವರೇ ಸಭೆಯ ನಿಧಿ ಎಂದು ತೋರಿಸಿದರೆಂದು ಪರಂಪರೆ ಹೇಳುತ್ತದೆ. ಸಂತರ ಪವಾಡಗಳನ್ನು ನಾವು ಅಕ್ಕರೆಯಿಂದ ನೆನೆಯುತ್ತೇವೆ. ಅವರ ಉದ್ಯೋಗ ಯಾವುದಾಗಿತ್ತೆಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ.

ಇನ್ನು ಶಾಸನದ ಮಾತು. 1983ರ ಧರ್ಮಸಭಾ ಸಂಹಿತೆಯ 1254ನೆಯ ವಿಧಿಯು ಸಭೆಯು ಆಸ್ತಿಪಾಸ್ತಿಯನ್ನು ಹೊಂದುವುದಕ್ಕೆ ಇರುವ ಉದ್ದೇಶಗಳನ್ನು ಹೇಳುತ್ತದೆ: ದೈವಾರಾಧನೆ, ಗುರುಗಳ ಮತ್ತು ಸೇವಕರ ಜೀವನಾಧಾರ, ಪ್ರೇಷಿತಕಾರ್ಯ ಹಾಗೂ ವಿಶೇಷವಾಗಿ ಬಡವರ ಪರವಾದ ಪರೋಪಕಾರ. 222ನೆಯ ವಿಧಿಯು ಸಾಮಾಜಿಕ ನ್ಯಾಯವನ್ನು ಬೆಳೆಸುವುದೂ ತಮ್ಮ ಸ್ವಂತ ಸಂಪಾದನೆಯಿಂದ ಬಡವರಿಗೆ ನೆರವಾಗುವುದೂ ಪ್ರತಿಯೊಬ್ಬ ಕ್ರೈಸ್ತನ ಕರ್ತವ್ಯವೆಂದು ವಿಧಿಸುತ್ತದೆ. 537ನೆಯ ವಿಧಿಯ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲಿಯೂ ಹಣಕಾಸು ಸಮಿತಿ ಇರಲೇಬೇಕು. 1287ನೆಯ ವಿಧಿಯು ಭಕ್ತರು ಕೊಟ್ಟ ಹಣದ ಲೆಕ್ಕವನ್ನು ಭಕ್ತರ ಮುಂದಿಡಬೇಕೆನ್ನುತ್ತದೆ. ಇಂತಿಷ್ಟು ಶೇಕಡಾ ಎಂದು ಸಂಹಿತೆ ಎಲ್ಲಿಯೂ ನಿಗದಿಪಡಿಸಿಲ್ಲ. ಅದನ್ನು ನಮ್ಮ ವಿವೇಕಕ್ಕೆ ಬಿಟ್ಟಿದೆ. ನಾವು ಅದನ್ನು ಮರೆವಿಗೆ ಬಿಟ್ಟಿದ್ದೇವೆ.

ನನ್ನ ಸಲಹೆ ಸರಳವಾಗಿದೆ. ಪ್ರತಿ ಧರ್ಮಕೇಂದ್ರವೂ ರವಿವಾರದ ತಟ್ಟೆಯ ಕಾಣಿಕೆಯಲ್ಲಿ ಹತ್ತರಲ್ಲೊಂದು ಪಾಲನ್ನು, ಬೇರೆ ಯಾವ ಖರ್ಚಿಗೂ ಕೈಯಿಡುವ ಮೊದಲೇ, ಬಡವರ ನಿಧಿಗೆ ತೆಗೆದಿಡಲಿ. ಮಾಡು ಸೋರುತ್ತಿರುವಾಗಲೂ ತೆಗೆದಿಡಲಿ. ಸೋರುವ ಮಾಡಿಗೆ ವಿಶೇಷ ವಂತಿಗೆ ಎತ್ತಿದರೆ ನಮ್ಮ ಜನ ಮನಸಾರೆ ಕೊಡುತ್ತಾರೆ, ಊರು ಬಿಟ್ಟು ಕುವೈತಿನಲ್ಲಿ, ದುಬೈಯಲ್ಲಿ, ಮುಂಬಯಿಯಲ್ಲಿ ಇರುವವರೂ ಕೊಡುತ್ತಾರೆ. ಬಡವನ ಮನೆಯ ಸೋರುವ ಮಾಡಿಗೆ ಅಂತಹ ವಂತಿಗೆದಾರರು ಸಿಗುವುದು ಕಷ್ಟ. ಏಕೆಂದರೆ ಅಲ್ಲಿ ಹೆಸರು ಕೆತ್ತಿಸಲು ಗೋಡೆಯಿಲ್ಲ.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾನು ಬಲ್ಲೆ. ಹಬ್ಬವನ್ನು ಕಳೆಗುಂದಿಸುತ್ತೀರಾ ಎಂದು ಕೇಳುವವರಿದ್ದಾರೆ. ಹಬ್ಬ ಬೇಕು. ಬಡವನಿಗೂ ಹಬ್ಬ ಬೇಕು. ಬ್ಯಾಂಡಿನ ಸದ್ದಿಗೆ ಅವನ ಮಕ್ಕಳೇ ಎಲ್ಲರಿಗಿಂತ ಮುಂದೆ ಓಡಿ ಬರುತ್ತಾರೆ. ಆರಾಧನೆಯ ಸೌಂದರ್ಯವನ್ನು ಕಡಿದು ಹಾಕಿ ಬಡವರನ್ನು ಉದ್ಧರಿಸುತ್ತೇವೆ ಎನ್ನುವವರ ಸಾಲಿಗೆ ನಾನು ಸೇರಿದವನಲ್ಲ. ಆದರೆ ಒಂದೇ ರಾತ್ರಿಯ ದೀಪಾಲಂಕಾರಕ್ಕೂ ಸುಡುಮದ್ದಿಗೂ ಖರ್ಚಾಗುವ ಮೊತ್ತವನ್ನು ಇಡೀ ವರ್ಷದ ಬಡವರ ನಿಧಿಯ ಪಕ್ಕದಲ್ಲಿ ಬರೆದು ನೋಡಿದಾಗ ಯಾವ ಸಮಿತಿಯ ಸದಸ್ಯನಿಗೂ ಕಸಿವಿಸಿಯಾಗದೆ ಇರದು. ನಾಲ್ಕನೆಯ ಶತಮಾನದ ಅಂತ್ಯದಲ್ಲಿ ಅಂತಿಯೋಕ್ಯದ ಜನರಿಗೆ ಸಂತ ಜಾನ್ ಕ್ರಿಸೊಸ್ತೊಮರು ಇದೇ ಮಾತನ್ನು ಬಲು ಖಾರವಾಗಿ ಹೇಳಿದ್ದರು. ಇಗರ್ಜಿಯ ಒಳಗೆ ಕ್ರಿಸ್ತರಿಗೆ ರೇಷ್ಮೆ ಹೊದಿಸಿ, ಹೊರಗೆ ಅದೇ ಕ್ರಿಸ್ತರನ್ನು ಚಳಿಯಲ್ಲಿ ಬತ್ತಲೆಯಾಗಿ ಬಿಡುವುದೆಂತಹ ಗೌರವವೆಂಬುದು ಅವರ ಪ್ರಶ್ನೆಯ ತಾತ್ಪರ್ಯ.

ಹಣದ ಮಾತು ಇಷ್ಟಕ್ಕೆ ಸಾಕು. ಹಣಕ್ಕಿಂತ ಕಠಿಣವಾದುದು ಇನ್ನೊಂದಿದೆ. ಹಣವನ್ನು ಕೊಡುವುದು ಯಾರಿಂದಲೂ ಆಗುವ ಕೆಲಸ. ಸರಿಯಾದ ವ್ಯಕ್ತಿಗೆ, ಸರಿಯಾದ ಪ್ರಮಾಣದಲ್ಲಿ, ಸರಿಯಾದ ಸಮಯಕ್ಕೆ, ಸರಿಯಾದ ಉದ್ದೇಶದಿಂದ ಕೊಡುವುದು ಸುಲಭವಲ್ಲ ಎಂದು ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ವಿವೇಚಿಸಿದ್ದಾನೆ. ಗುರುಮಠದಲ್ಲಿ ಈ ಪಾಠವನ್ನು ಓದುವಾಗ ಅದು ಬರೀ ಪರೀಕ್ಷೆಯ ಪ್ರಶ್ನೆಯಾಗಿತ್ತು. ಅಕ್ಕಿ ಚೀಲ ಹಿಡಿದು ಮನೆಗಳಿಗೆ ಹೋಗತೊಡಗಿದ ಮೇಲೆ ಅದರ ಅರ್ಥ ಬಿಚ್ಚಿಕೊಂಡಿತು. ವರ್ಷಗಳ ಹಿಂದೆ ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ ವೃದ್ಧೆಯೊಬ್ಬರು ಚೀಲವನ್ನು ಕಂಡು ಕೈ ಮುಗಿದರು. "ಫಾದರ್, ಅಕ್ಕಿ ರೇಶನ್ ಅಂಗಡಿಯಲ್ಲಿ ಸಿಗುತ್ತದೆ. ಮಗನಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ಆಸ್ಪತ್ರೆಯಲ್ಲಿ ದುಡ್ಡು ತೆಗೆದುಕೊಳ್ಳುವುದಿಲ್ಲ. ಹೋಗಿ ಬರುವ ರಿಕ್ಷಾ ಬಾಡಿಗೆಗೇ ನನ್ನ ಹತ್ತಿರ ಇಲ್ಲ" ಎಂದರು. ಆ ವಾಳೆಯಲ್ಲಿ ಕಾರು ಇದ್ದ ಮನೆಗಳು ಹಲವು. ಗುರಿಕಾರರು ಒಂದು ಸರದಿ ಪಟ್ಟಿ ಮಾಡಿದರು. ಪ್ರತಿ ಮನೆಗೂ ತಿಂಗಳಿಗೆ ಒಂದೆರಡು ಪ್ರಯಾಣ ಬಂತು. ನಿಧಿಯಿಂದ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಹೋಗುವ ದಾರಿಯಲ್ಲಿ ಕಾರಿನ ಯಜಮಾನನಿಗೂ ರೋಗಿಗೂ ನಡೆದ ಮಾತುಕತೆಯಿಂದ ವಾಳೆಯಲ್ಲಿ ಎಷ್ಟೋ ಹಳೆಯ ಮುನಿಸುಗಳು ಕರಗಿದವೆಂದು ಗುರಿಕಾರರು ಹೇಳುತ್ತಿದ್ದರು.

ಮನೆಗೆ ಹೋಗುವುದು. ಇದೇ ಪುನೀತ ಫ್ರೆಡೆರಿಕ್ ಓಝನಾಮರು ನಮಗೆ ಬಿಟ್ಟುಹೋದ ವಿಧಾನ. 1833ರಲ್ಲಿ ಪ್ಯಾರಿಸಿನಲ್ಲಿ ಕಾನೂನು ಓದುತ್ತಿದ್ದ ಈ ಯುವಕನಿಗೆ ಇಪ್ಪತ್ತು ವರ್ಷ. ಅದರ ಹಿಂದಿನ ವರ್ಷ ಕಾಲರಾ ಆ ನಗರವನ್ನು ಧ್ವಂಸಗೊಳಿಸಿತ್ತು. ವಿದ್ಯಾರ್ಥಿಗಳ ಚರ್ಚಾಕೂಟದಲ್ಲಿ ಎದುರಾಳಿಯೊಬ್ಬನು, ನಿಮ್ಮ ಸಭೆ ಹಿಂದೊಮ್ಮೆ ಮಹತ್ಕಾರ್ಯಗಳನ್ನು ಮಾಡಿರಬಹುದು, ಇಂದು ನೀವು ಏನು ಮಾಡುತ್ತಿದ್ದೀರಿ ಎಂದು ಸವಾಲು ಹಾಕಿದನಂತೆ. ತರ್ಕದಿಂದ ಉತ್ತರಿಸಬಹುದಾಗಿದ್ದ ಓಝನಾಮರು ತರ್ಕವನ್ನು ಬದಿಗಿಟ್ಟು ಗೆಳೆಯರೊಡನೆ ಬಡವರ ಮನೆಗಳಿಗೆ ಹೊರಟರು. ಎಮಾನುಯೆಲ್ ಬಯ್ಯಿ ಎಂಬ ಹಿರಿಯ ಪತ್ರಕರ್ತರು ಅವರಿಗೆ ಮಾರ್ಗದರ್ಶಕರಾದರು. ಯಾರ ಮನೆಗೆ ಹೋಗಬೇಕು, ಹೋದಲ್ಲಿ ಹೇಗೆ ಕುಳಿತುಕೊಳ್ಳಬೇಕು, ಹೇಗೆ ಕಿವಿಗೊಡಬೇಕು ಎಂಬುದನ್ನು ಪ್ಯಾರಿಸಿನ ಬಡಬೀದಿಗಳಲ್ಲಿ ದುಡಿಯುತ್ತಿದ್ದ ಸಿಸ್ಟರ್ ರೊಸಾಲಿ ರೆಂಡು ಕಲಿಸಿದರು. ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಒಬ್ಬ ಕನ್ಯಾಸ್ತ್ರೀಯ ಶಿಷ್ಯರಾದರು! ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಹುಟ್ಟಿದ್ದು ಹೀಗೆ. ಓಝನಾಮರು ಮುಂದೆ ಸೊರ್ಬೊನ್ನಿನಲ್ಲಿ ಪ್ರಾಧ್ಯಾಪಕರಾದರು, ಗೃಹಸ್ಥರಾದರು, ಒಬ್ಬ ಮಗಳ ತಂದೆಯಾದರು. 1853ರಲ್ಲಿ ನಲವತ್ತರ ಹರೆಯದಲ್ಲಿ ತೀರಿಕೊಂಡರು. 1997ರಲ್ಲಿ ಸಂತ ಎರಡನೆಯ ಜಾನ್ ಪಾಲ್ ಅವರು ಪ್ಯಾರಿಸಿನಲ್ಲಿಯೇ ಓಝನಾಮರನ್ನು ಪುನೀತರೆಂದು ಘೋಷಿಸಿದರು. ಕುಟುಂಬಸ್ಥರಿಗೆ ಇವರಿಗಿಂತ ಹತ್ತಿರದ ಮಾದರಿ ವಿರಳ.

ನಮ್ಮ ಬಹುತೇಕ ಧರ್ಮಕೇಂದ್ರಗಳಲ್ಲಿ ಈ ಸಭೆಯ ಘಟಕವಿದೆ. ಸದಸ್ಯರು ಹೆಚ್ಚಾಗಿ ನಿವೃತ್ತರು. ಇಬ್ಬಿಬ್ಬರಾಗಿ ಹೋಗಬೇಕು, ಕಂಡದ್ದನ್ನೂ ಕೇಳಿದ್ದನ್ನೂ ಹೊರಗೆ ಹರಡಬಾರದು, ಕೂಟದಲ್ಲಿ ಗುಪ್ತಚೀಲವನ್ನು ದಾಟಿಸಿ ತಾವೂ ತಮ್ಮ ಪಾಲನ್ನು ಹಾಕಬೇಕು, ಹೀಗೆ ಅವರ ನಿಯಮಗಳು ಸರಳವಾಗಿವೆ. ಎಷ್ಟೋ ಕಡೆ ಈಗ ಭೇಟಿಯೆಂಬುದು ತಿಂಗಳಿಗೊಮ್ಮೆ ಬಡವರನ್ನೇ ಇಗರ್ಜಿಯ ಕಚೇರಿಗೆ ಕರೆಸಿ ಲಕೋಟೆ ಕೊಡುವಲ್ಲಿಗೆ ಬಂದು ನಿಂತಿದೆ. ಸಮಯ ಉಳಿಯುತ್ತದೆ, ನಿಜ. ಆದರೆ ಕಚೇರಿಯ ಮೇಜಿನಾಚೆಯಿಂದ ಸೋರುವ ಮಾಡು ಕಾಣಿಸುವುದಿಲ್ಲ, ಶಾಲೆ ಬಿಟ್ಟ ಹುಡುಗಿ ಕಾಣಿಸುವುದಿಲ್ಲ, ಮೂಲೆಯ ಬಾಟಲಿ ಕಾಣಿಸುವುದಿಲ್ಲ. ಒಂದು ಗಂಟೆ ಆ ಮನೆಯ ಬೆಂಚಿನ ಮೇಲೆ ಕುಳಿತವನಿಗೆ ಮಾತ್ರ ಅಲ್ಲಿ ಬೇಕಾಗಿರುವುದು ಹಣವೋ, ಹಣದ ಲೆಕ್ಕವಿಡುವ ಅಭ್ಯಾಸವೋ, ಅಥವಾ ತಾಲೂಕು ಕಚೇರಿಗೆ ಜೊತೆಯಲ್ಲಿ ಬರುವ ಒಬ್ಬ ಮನುಷ್ಯನೋ ಎಂಬುದು ತಿಳಿಯುತ್ತದೆ.

ಈ ಕೊನೆಯದನ್ನು ಒತ್ತಿ ಹೇಳಬೇಕಾಗಿದೆ. ವಿಧವಾ ವೇತನ, ಸಂಧ್ಯಾ ಸುರಕ್ಷಾ, ಅಂಗವಿಕಲರ ಮಾಸಾಶನ, ಪಡಿತರ ಚೀಟಿ ಮೊದಲಾದವು ಬಡವರಿಗೆ ಹಕ್ಕಿನಿಂದ ಬರಬೇಕಾದವು. ಆಧಾರ್ ಚೀಟಿಯಲ್ಲಿ ಹೆಸರು ಒಂದು, ಜ್ಞಾನಸ್ನಾನದ ದಾಖಲೆಯಲ್ಲಿ ಇನ್ನೊಂದು, ಬ್ಯಾಂಕ್ ಪುಸ್ತಕದಲ್ಲಿ ಮತ್ತೊಂದು ಆಗಿರುವುದರಿಂದ ನಮ್ಮ ಎಷ್ಟೋ ಹಿರಿಯರಿಗೆ ಅವು ಕೈತಪ್ಪುತ್ತವೆ. ನಮ್ಮ ಸಮುದಾಯದಲ್ಲಿ ಈ ಗೊಂದಲ ಬೇರೆಯವರಿಗಿಂತ ಹೆಚ್ಚು. ಒಬ್ಬಾಕೆಯೇ ದಾಖಲೆಯೊಂದರಲ್ಲಿ ಹೆಲೆನ್, ಇನ್ನೊಂದರಲ್ಲಿ ಎಲೆನಾ, ಮನೆಯಲ್ಲಿ ಎಲ್ಲುಬಾಯಿ. ನಿವೃತ್ತ ಶಿಕ್ಷಕರೂ ಬ್ಯಾಂಕ್ ನೌಕರರೂ ಇಲ್ಲದ ಧರ್ಮಕೇಂದ್ರ ನಮ್ಮ ಜಿಲ್ಲೆಗಳಲ್ಲಿ ಅಪರೂಪ. ಅವರಲ್ಲಿ ಇಬ್ಬರು ವಾರಕ್ಕೊಂದು ಬೆಳಿಗ್ಗೆ ಅರ್ಜಿ ಬರೆದುಕೊಟ್ಟು, ಅಗತ್ಯವಿದ್ದಲ್ಲಿ ಜೊತೆಯಲ್ಲಿ ಹೋದರೆ, ಒಬ್ಬ ವಿಧವೆಗೆ ಜೀವನಪರ್ಯಂತ ಬರುವ ಮಾಸಾಶನವು ನಾವು ಕೊಡುವ ಎಷ್ಟು ಚೀಲಗಳಿಗೆ ಸಮವಾದೀತೆಂದು ಲೆಕ್ಕ ಹಾಕಿರಿ. (ಸರಕಾರಿ ಕಚೇರಿಯ ಮೆಟ್ಟಿಲು ಹತ್ತುವುದು ಜಪಮಾಲೆಗಿಂತ ಹೆಚ್ಚು ತಾಳ್ಮೆಯನ್ನು ಬೇಡುತ್ತದೆಂದು ಅನುಭವಸ್ಥರು ಎಚ್ಚರಿಸಿದ್ದಾರೆ!)

ಇದು ಧರ್ಮಸಭೆಗೆ ಹೊಸ ಹಾದಿಯೇನಲ್ಲ. 1885ರಲ್ಲಿ ಛೋಟಾನಾಗಪುರಕ್ಕೆ ಬಂದ ಬೆಲ್ಜಿಯಂ ದೇಶದ ಯೇಸುಸಭೆಯ ಗುರು ಕಾನ್‌ಸ್ಟಂಟ್ ಲೀವೆನ್ಸರು ಅಲ್ಲಿನ ಮುಂಡಾ ಮತ್ತು ಉರಾಂವ್ ಆದಿವಾಸಿಗಳಿಗೆ ಮಾಡಿದ ದೊಡ್ಡ ಉಪಕಾರ ಅವರ ಭೂಮಿಯ ವ್ಯಾಜ್ಯಗಳಲ್ಲಿ ಕಾನೂನು ತಿಳಿದು ನೆರವಾದದ್ದು. ಭೂಮಾಲಕರು ಕಸಿಯುತ್ತಿದ್ದ ಹೊಲವನ್ನು ಉಳಿಸಿಕೊಳ್ಳುವ ಹಾದಿಯನ್ನು ಅವರು ತೋರಿದರು. ಆ ಜನರ ಮೊಮ್ಮಕ್ಕಳು ಮರಿಮಕ್ಕಳು ಇಂದು ಝಾರ್ಖಂಡದಿಂದ, ಒಡಿಶಾದಿಂದ ನಮ್ಮ ಊರುಗಳಿಗೆ ಕೂಲಿಗೆ ಬಂದಿದ್ದಾರೆ. ಕಟ್ಟಡದ ಕೆಲಸದಲ್ಲಿ, ಹೋಟೇಲಿನಲ್ಲಿ, ಮೀನಿನ ಬಂದರಿನಲ್ಲಿ ಅವರನ್ನು ಕಾಣುತ್ತೇವೆ. ಅವರಲ್ಲಿ ಕಥೋಲಿಕರಿದ್ದಾರೆ, ರವಿವಾರ ಹಿಂದಿನ ಸಾಲಿನಲ್ಲಿ ನಿಂತು, ಕೊಂಕಣಿಯಾಗಲಿ ಕನ್ನಡವಾಗಲಿ ತಿಳಿಯದೆ ಪೂಜೆ ಕೇಳಿ ಹೋಗುತ್ತಾರೆ. ಅವರು ಯಾವ ವಾಳೆಗೂ ಸೇರಿದವರಲ್ಲ. ಯಾವ ಗುರಿಕಾರರ ಪಟ್ಟಿಯಲ್ಲಿಯೂ ಅವರ ಹೆಸರಿಲ್ಲ. ಗ್ರೀಕ್ ಮಾತನಾಡುತ್ತಿದ್ದ ಆ ವಿಧವೆಯರ ದೂರನ್ನು ಇಲ್ಲಿ ಮತ್ತೊಮ್ಮೆ ನೆನೆಯುವುದು ಒಳ್ಳೆಯದು.

ಪಟ್ಟಿಯಲ್ಲಿ ಯಾರಿರಬೇಕೆಂಬ ಪ್ರಶ್ನೆ ಸಮಿತಿಗಳಲ್ಲಿ ಆಗಾಗ ಏಳುತ್ತದೆ. ನಮ್ಮವರಿಗೇ ಸಾಲದು, ಹೊರಗಿನವರಿಗೆ ಎಲ್ಲಿಂದ ಎಂಬುದು ವಾದ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರ ಹೋಮಿಯೋಪತಿ ಔಷಧಾಲಯವನ್ನು ತೆರೆದ ಜರ್ಮನ್ ಮೂಲದ ಯೇಸುಸಭೆಯ ಗುರು ಆಗಸ್ಟಸ್ ಮುಲ್ಲರ್ ಅವರು ರೋಗಿಯ ಮತವನ್ನು ಕೇಳಿ ಔಷಧಿ ಕೊಟ್ಟಿದ್ದರೆ ಇಂದು ಅಲ್ಲೊಂದು ಮಹಾಸಂಸ್ಥೆ ಬೆಳೆದು ನಿಲ್ಲುತ್ತಿರಲಿಲ್ಲ. 1890ರಲ್ಲಿ ಅವರು ಕುಷ್ಠರೋಗಿಗಳಿಗಾಗಿ ಆಶ್ರಯವನ್ನು ಕಟ್ಟಿದರು. ಮನೆಯವರೇ ಹೊರಗಟ್ಟಿದವರಿಗೆ ಜಾತಿಯೆಲ್ಲಿಯದು? 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, 2020ರ ಲಾಕ್‌ಡೌನಿನಲ್ಲಿ ವಲಸೆ ಕಾರ್ಮಿಕರು ದಾರಿಯಲ್ಲಿ ಸಿಕ್ಕಿಕೊಂಡಾಗ ನಮ್ಮ ಜನರೂ ಯಾರ ಮತವನ್ನೂ ವಿಚಾರಿಸಲಿಲ್ಲ. ವಿಪತ್ತಿನಲ್ಲಿ ತೆರೆಯುವ ಮನಸ್ಸು ಸಾಮಾನ್ಯ ದಿನಗಳಲ್ಲಿ ಮುಚ್ಚಿಕೊಳ್ಳುವುದೇಕೆಂಬುದು ನನಗೊಂದು ಒಗಟು. ಇಗರ್ಜಿಯ ಬೇಲಿಗೆ ತಾಗಿದ ಮನೆಯ ಹಸಿವು ನಮ್ಮದೇ ಹಸಿವು. ಅದೇ ರೀತಿ, ಕೊಡುವುದರ ಹಿಂದೆ ಮತದ ಯಾವ ನಿರೀಕ್ಷೆಯೂ ಇರಬಾರದು. ಪ್ರೀತಿಯನ್ನು ಬೇರಾವುದಕ್ಕೂ ಸಾಧನವಾಗಿಸಬಾರದೆಂದು ಜಗದ್ಗುರು ಬೆನೆಡಿಕ್ಟರು ಅದೇ ವಿಶ್ವಪತ್ರದಲ್ಲಿ ಕಟ್ಟುನಿಟ್ಟಾಗಿ ಬೋಧಿಸಿದ್ದಾರೆ.

ಈಗ ಅಷ್ಟೊಂದು ಹಿತವಲ್ಲದ ಮಾತಿಗೆ ಬರುತ್ತೇನೆ. ದಾನಕ್ಕೂ ನ್ಯಾಯಕ್ಕೂ ಭೇದವಿದೆ. ನ್ಯಾಯವಾಗಿ ಸಲ್ಲಬೇಕಾದುದನ್ನು ದಾನವೆಂಬಂತೆ ಕೊಡಬಾರದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಶ್ರೀಸಾಮಾನ್ಯರ ಪ್ರೇಷಿತಕಾರ್ಯವನ್ನು ಕುರಿತ ತನ್ನ ದಾಖಲೆಯಲ್ಲಿ ಎಚ್ಚರಿಸಿತು. ಅದಕ್ಕೂ ಬಹಳ ಮೊದಲು, 1891ರಲ್ಲಿ, ಜಗದ್ಗುರು ಹದಿಮೂರನೆಯ ಲಿಯೋ ಅವರು ಕಾರ್ಮಿಕನ ಕೂಲಿಯು ಒಪ್ಪಂದದಿಂದ ಮಾತ್ರ ನ್ಯಾಯವಾಗುವುದಿಲ್ಲ, ಅವನು ಮಿತವ್ಯಯದಿಂದ ಬಾಳಲು ಅದು ಸಾಕಾಗಬೇಕೆಂದು ಸಾರಿದ್ದರು. ಸಂತ ತೋಮಾಸ್ ಅಕ್ವಿನಾಸರ ವಿಚಾರ ಇನ್ನೂ ಆಳವಾದುದು. ಮನುಷ್ಯನು ಆಸ್ತಿಯನ್ನು ಹೊಂದಿ ನಿರ್ವಹಿಸಬಹುದು. ಆದರೆ ಅದರ ಉಪಯೋಗದಲ್ಲಿ ಅದು ಎಲ್ಲರದ್ದೆಂಬಂತೆ, ಅಗತ್ಯವುಳ್ಳವರಿಗೆ ಹಂಚಲು ಸಿದ್ಧನಾಗಿರಬೇಕು ಎನ್ನುತ್ತಾರೆ. ನಮ್ಮ ಬಳಿ ಅಗತ್ಯಕ್ಕೆ ಮೀರಿ ಇರುವುದು ಬಡವರಿಗೆ ಸಲ್ಲಬೇಕಾದುದೇ ಆಗಿದೆ; ಕಡುಸಂಕಟದಲ್ಲಿರುವವನು ಬದುಕಲು ಬೇಕಾದಷ್ಟನ್ನು ಇನ್ನೊಬ್ಬನ ಸೊತ್ತಿನಿಂದ ತೆಗೆದುಕೊಂಡರೆ ಅದು ಕಳ್ಳತನವಾಗದು ಎಂಬಲ್ಲಿಯವರೆಗೂ ಆ ಮಹಾಪಂಡಿತರು ಹೋಗುತ್ತಾರೆ. ಹದಿಮೂರನೆಯ ಶತಮಾನದ ಈ ಮಾತನ್ನು ಕೇಳಿ ಇಂದೂ ಕೆಲವರ ಕಿವಿ ಕೆಂಪಾಗುತ್ತದೆ.

ಹೀಗಿರುವಾಗ, ಬಡವರ ನಿಧಿಯ ಲೆಕ್ಕವನ್ನು ತೆರೆಯುವುದಕ್ಕೆ ಮುಂಚೆ ಸಂಬಳದ ಪುಸ್ತಕವನ್ನು ತೆರೆಯುವುದು ಲೇಸು. ಗಂಟೆ ಹೊಡೆಯುವ ಮಿರೋಣ್, ಗುರುನಿವಾಸದ ಅಡುಗೆಯವರು, ಶಾಲೆಯ ಆಯಾ, ಸ್ಮಶಾನದ ಹುಲ್ಲು ಕೀಳುವವರು, ಇವರಿಗೆ ನಾವು ಕೊಡುವ ಸಂಬಳದಿಂದ ಒಂದು ಸಂಸಾರ ನಡೆಯುತ್ತದೆಯೇ? ಇವರಲ್ಲಿ ಭವಿಷ್ಯನಿಧಿಯ ಕಾಯಿದೆಗೆ ಒಳಪಡುವವರ ಕಂತು ಸಂದಿದೆಯೇ? ಸಂಹಿತೆಯ 1286ನೆಯ ವಿಧಿಯು ಸಭೆಯ ಆಡಳಿತಗಾರರು ದೇಶದ ಕಾರ್ಮಿಕ ಕಾನೂನುಗಳನ್ನು ಪಾಲಿಸಬೇಕೆಂದೂ, ದುಡಿಯುವವರು ತಮ್ಮ ಮತ್ತು ತಮ್ಮ ಕುಟುಂಬದ ಅಗತ್ಯಗಳನ್ನು ಪೂರೈಸುವಷ್ಟು ನ್ಯಾಯವಾದ ಸಂಬಳ ಕೊಡಬೇಕೆಂದೂ ಆಜ್ಞಾಪಿಸುತ್ತದೆ. ವರ್ಷವಿಡೀ ಕಡಿಮೆ ಸಂಬಳ ಕೊಟ್ಟು ಕ್ರಿಸ್ಮಸ್ಸಿಗೆ ಸೀರೆಯೊಂದನ್ನು ಕೊಟ್ಟರೆ ಅದು ದಾನವಲ್ಲ. ಬಾಕಿಯ ಸಣ್ಣ ಕಂತು. ಭಕ್ತರ ಮನೆಗಳಿಗೂ ಈ ಮಾತು ಸಲ್ಲುತ್ತದೆ. ಮನೆಗೆಲಸದಾಕೆ ಜ್ವರದಿಂದ ನಾಲ್ಕು ದಿನ ಬಾರದಿದ್ದರೆ ಸಂಬಳ ಮುರಿಯುವ ಗೃಹಿಣಿಯೂ, ತೋಟದ ಆಳಿಗೆ ಕಾನೂನಿನ ಕನಿಷ್ಠ ಕೂಲಿಯನ್ನೂ ತಪ್ಪಿಸುವ ಯಜಮಾನನೂ ಬಡವರ ದಿನದ ವಂತಿಗೆ ಪಟ್ಟಿಯಲ್ಲಿ ಮೇಲಿನ ಸಾಲಿನಲ್ಲಿ ಇರುವುದುಂಟು.

ಛಾಯಾಚಿತ್ರದ ವಿಷಯವನ್ನು ಮೊದಲೇ ಎತ್ತಿದ್ದೆ. ಎಡಗೈಗೆ ತಿಳಿಯದಂತೆ ಬಲಗೈ ಕೊಡಬೇಕೆಂಬ ಯೇಸುವಿನ ಬೋಧನೆಯನ್ನು ಬಾಲ್ಯದಿಂದ ಕೇಳಿದವರು ನಾವು. ಈಗ ಎಡಗೈಯಲ್ಲಿ ಮೊಬೈಲಿದೆ. ಶಾಲಾಶುಲ್ಕಕ್ಕೆ ನೆರವು ಪಡೆದ ಹುಡುಗನ ಮುಖವು ಸಂಜೆಯೊಳಗೆ ಎಲ್ಲ ವಾಟ್ಸಾಪ್ ಗುಂಪುಗಳಲ್ಲಿ ಬಂದು, ಮರುದಿನ ತರಗತಿಯಲ್ಲಿ ಅವನು ತಲೆಯೆತ್ತಲಾರದೆ ಕುಳಿತರೆ ನಾವು ಕೊಟ್ಟದ್ದೇನು, ಕಸಿದದ್ದೇನು? ಲೆಕ್ಕ ಪಾರದರ್ಶಕವಾಗಿರಬೇಕಲ್ಲವೇ ಎಂದು ಕೇಳಬಹುದು. ಖಂಡಿತ ಇರಬೇಕು. ಎಷ್ಟು ಕುಟುಂಬಗಳಿಗೆ, ಯಾವ ಉದ್ದೇಶಕ್ಕೆ, ಎಷ್ಟು ರೂಪಾಯಿ ಎಂಬುದನ್ನು ಓದಿ ಹೇಳಿದರೆ ಸಾಕು. ಹೆಸರು ಬೇಡ, ಮುಖ ಬೇಡ. ದಾನಿಯ ಹೆಸರಿಗೂ ಅದೇ ನಿಯಮ ಅನ್ವಯಿಸಲಿ. ಬೆಂಚಿನ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ ಹೆಸರು ಬರೆಸುವ ಸಂಪ್ರದಾಯವನ್ನು ಏಕಾಏಕಿ ನಿಲ್ಲಿಸಲು ನನ್ನಿಂದಲೂ ಆಗದು. ಬಡವರ ನಿಧಿಯನ್ನಾದರೂ ಅದರಿಂದ ಮುಕ್ತವಾಗಿ ಇಡೋಣ.

ವಿದೇಶೀ ನೆರವಿನ ಕುರಿತು ಒಂದು ಮಾತು. ಒಂದು ತಲೆಮಾರಿನಷ್ಟು ಕಾಲ ನಮ್ಮ ಸಮಾಜಸೇವಾ ಯೋಜನೆಗಳಲ್ಲಿ ಹಲವು ಜರ್ಮನಿ, ಇಟಲಿ ಮೊದಲಾದ ದೇಶಗಳ ಭಕ್ತರ ಕಾಣಿಕೆಯಿಂದ ನಡೆದವು. ಬಾವಿಗಳಾದವು, ಮನೆಗಳಾದವು, ಸ್ವಸಹಾಯ ಗುಂಪುಗಳಾದವು, ಕೃತಜ್ಞರಾಗಿರೋಣ. 2020ರಲ್ಲಿ ವಿದೇಶೀ ವಂತಿಗೆ ನಿಯಂತ್ರಣ ಕಾಯಿದೆಯು ತಿದ್ದುಪಡಿಯಾದ ಮೇಲೆ ಒಂದು ಸಂಸ್ಥೆ ಪಡೆದ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿಯು ಶೇಕಡಾ 50ರಿಂದ 20ಕ್ಕೆ ಇಳಿಯಿತು. ಕಾಯಿದೆಯ ಗುಣದೋಷಗಳ ಚರ್ಚೆ ಇಲ್ಲಿ ಬೇಡ. ಆದರೆ ನಮ್ಮ ಬಡವರನ್ನು ಯಾರೋ ದೂರದವರು ನೋಡಿಕೊಳ್ಳುತ್ತಾರೆಂಬ ನೆಮ್ಮದಿಯಿಂದ ಹೊರಬರುವುದಕ್ಕೆ ಇದೊಂದು ನಿಮಿತ್ತವಾಗಲಿ. ಅವರು ಕೊಡುತ್ತಿದ್ದ ಕಾಲದಲ್ಲಿಯೂ ನಾವು ಕೊಡಬೇಕಾಗಿತ್ತು.

ಕೊಡಲು ಶ್ರೀಮಂತಿಕೆ ಬೇಕಿಲ್ಲ ಎಂಬುದಕ್ಕೆ ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಭೆಯ ಸಹೋದರಿಯರನ್ನು ನೋಡಬಹುದು. ಶತಮಾನಕ್ಕೂ ಹೆಚ್ಚು ಕಾಲದಿಂದ ಅಲ್ಲಿ ಪ್ರತಿ ಅಡುಗೆಯ ಹೊತ್ತಿಗೂ ಗೃಹಿಣಿ ಒಂದು ಮುಷ್ಟಿ ಅಕ್ಕಿಯನ್ನು ಬೇರೆ ಪಾತ್ರೆಗೆ ಹಾಕುತ್ತಾಳೆ. ಅದನ್ನು ಸಂಗ್ರಹಿಸಿ ಮಾರಿದ ಹಣ ಸಭೆಯ ಕಾರ್ಯಗಳಿಗೆ ಸಲ್ಲುತ್ತದೆ. ಕಡುಬಡವಳೂ ಅಲ್ಲಿ ದಾನಿಯೇ. ನಮ್ಮಲ್ಲಿಯೂ ತೆನೆಹಬ್ಬದಂದು ಬಂಗಲೆಯವನಿಗೂ ಗುಡಿಸಲಿನವನಿಗೂ ಇಗರ್ಜಿಯಲ್ಲಿ ಒಂದೇ ಪ್ರಮಾಣದ ತೆನೆ ಸಿಗುತ್ತದೆ, ಮನೆಮಂದಿಯೆಲ್ಲ ಅದನ್ನು ಹಂಚಿ ತಿನ್ನುತ್ತಾರೆ. ಸೆಪ್ಟೆಂಬರ್ 8ರಂದು ನಮಗೆ ಸಹಜವಾಗಿ ಬರುವ ಈ ಸಮತೆಯನ್ನು ಮುಷ್ಟಿ ಅಕ್ಕಿಯ ರೂಪದಲ್ಲಿ ವರ್ಷವಿಡೀ ಮುಂದುವರಿಸಲು ಯಾವ ವಾಳೆಯಾದರೂ ಮುಂದೆ ಬಂದೀತೇ? ನೆರವು ಪಡೆಯುವ ಮನೆಯವರೂ ಒಂದು ಹಿಡಿ ಹಾಕಲಿ. ಯಾವಾಗಲೂ ಕೈ ಕೆಳಗೆ ಮಾಡಿಯೇ ನಿಲ್ಲಬೇಕಾದ ಮನುಷ್ಯನ ನೋವನ್ನು ಕೊಡುವವರು ಊಹಿಸಲಾರರು.

ಮಾರ್ಚ್ 31ಕ್ಕೆ ನಮ್ಮ ಲೆಕ್ಕದ ವರ್ಷ ಮುಗಿಯುತ್ತದೆ. ಅದರ ಬೆನ್ನಿಗೇ ಹಣಕಾಸು ಸಮಿತಿಗಳು ಆಯವ್ಯಯವನ್ನು ಸಿದ್ಧಪಡಿಸಿ ಪಾಲನಾ ಪರಿಷತ್ತಿನ ಮುಂದಿಡುತ್ತವೆ. ಈ ಬಾರಿ ಪ್ರತಿ ವಾಳೆಯ ಗುರಿಕಾರರು ಮೂರು ಸಂಖ್ಯೆಗಳನ್ನು ಕೇಳಿ ಬರೆದುಕೊಳ್ಳಲಿ: ಕಳೆದ ವರ್ಷದ ತಟ್ಟೆಯ ಕಾಣಿಕೆ ಎಷ್ಟು, ಹಬ್ಬದ ಖರ್ಚು ಎಷ್ಟು, ಬಡವರಿಗೆ ಸಂದದ್ದು ಎಷ್ಟು. ನಾಲ್ಕನೆಯದಾಗಿ ಮಿರೋಣನ ತಿಂಗಳ ಸಂಬಳವನ್ನೂ ಕೇಳಬಹುದು. ಧರ್ಮಗುರುಗಳು ಬೇಸರಿಸಿಕೊಂಡಾರೆಂದು ಹಿಂಜರಿಯಬೇಕಾಗಿಲ್ಲ. ಲೆಕ್ಕ ಕೇಳುವ ಹಕ್ಕನ್ನು ನಿಮಗೆ ಕೊಟ್ಟಿರುವುದು ಧರ್ಮಸಭೆಯ ಶಾಸನವೇ. ಆ ಸಂಖ್ಯೆಗಳನ್ನು ವಾಳೆಯ ಮುಂದಿನ ಕೂಟದಲ್ಲಿ ಶುಭಸಂದೇಶದ ವಾಚನವಾದ ಮೇಲೆ ಓದಿ, ಮನೆಯವರೆಲ್ಲ ಕೇಳುವಂತೆ ಚರ್ಚಿಸಿರಿ. ಹತ್ತರಲ್ಲೊಂದು ಪಾಲು ಸಾಧ್ಯವಿಲ್ಲವೆಂದು ಕಂಡುಬಂದಲ್ಲಿ ಇಪ್ಪತ್ತರಲ್ಲೊಂದರಿಂದ ಆರಂಭಿಸಿ, ಮುಂದಿನ ಏಪ್ರಿಲಿನಲ್ಲಿ ಮತ್ತೆ ಕುಳಿತು ನೋಡಬಹುದು.